322, 471, 476: ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕೆಲಸಗಳು

ಚಾಕೊಲೇಟ್, ಬ್ರೆಡ್, ಐಸ್‌ಕ್ರೀಂ ಪೊಟ್ಟಣಗಳಲ್ಲಿ 'ಎಮಲ್ಸಿಫೈಯರ್' ಎಂಬ ಪದದ ಪಕ್ಕದ ಸಂಖ್ಯೆ ಏಕೆ ಬೇರೆಯಾಗುತ್ತದೆ, ಯಾವುದನ್ನು ಬಿಡಬೇಕು ಎಂದು ನೀವು ಕೇಳಿದ್ದೀರಿ. ಬೇಕರಿ ಪದಾರ್ಥಗಳ ಗುಣಮಟ್ಟ ಪರೀಕ್ಷೆಯಲ್ಲಿ ಕೆಲವು ವರ್ಷ ಕೆಲಸ ಮಾಡಿರುವುದರಿಂದ ತಿಳಿದಷ್ಟನ್ನು ಬರೆಯುತ್ತೇನೆ.

ಎಮಲ್ಸಿಫೈಯರ್ ಎಂದರೆ ನೀರು ಮತ್ತು ಜಿಡ್ಡು ಬೇರ್ಪಡದಂತೆ ಬೆರೆಸಿಡುವ ಪದಾರ್ಥ. ಒಂದು ತುದಿಯಿಂದ ನೀರನ್ನೂ ಇನ್ನೊಂದರಿಂದ ಜಿಡ್ಡನ್ನೂ ಹಿಡಿಯುವ ಅಣು ಎಂಬುದಷ್ಟೇ ಇವುಗಳಿಗಿರುವ ಸಮಾನ ಗುಣ. ಯಾವ ತುದಿಯ ಬಲ ಹೆಚ್ಚು ಎಂಬುದರ ಮೇಲೆ ಕೆಲಸ ಬೇರೆಯಾಗುತ್ತದೆ.

ಚಾಕೊಲೇಟಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. 322 ಎಂದರೆ ಲೆಸಿಥಿನ್. ಮೊದಲು ಮೊಟ್ಟೆಯ ಹಳದಿ ಭಾಗದಲ್ಲಿ ಕಂಡುಕೊಂಡ ಈ ಪದಾರ್ಥ ಇಂದು ಹೆಚ್ಚಾಗಿ ಸೋಯಾ ಮತ್ತು ಸೂರ್ಯಕಾಂತಿಯಿಂದ ಬರುತ್ತದೆ. ಚಾಕೊಲೇಟಿನಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಲೆಸಿಥಿನ್ ಸಕ್ಕರೆಯ ಕಣಗಳಿಗೆ ಲೇಪವಾಗಿ, ಅವು ಕೋಕೋ ಬೆಣ್ಣೆಯಲ್ಲಿ ಸಲೀಸಾಗಿ ಜಾರುವಂತೆ ಮಾಡುತ್ತದೆ. ಆದರೆ ನೂರು ಗ್ರಾಂ ಚಾಕೊಲೇಟಿಗೆ ಲೆಸಿಥಿನ್ ಸುಮಾರು ಅರ್ಧ ಗ್ರಾಂ ದಾಟಿದರೆ ಕರಗಿದ ಚಾಕೊಲೇಟ್ ಹರಿಯಲು ತೊಡಗುವುದೇ ಕಷ್ಟವಾಗುತ್ತದೆ. ಆ ಕೊರತೆಯನ್ನು ತುಂಬುವುದು 476, ಅಂದರೆ ನಮ್ಮ ಹರಳೆಣ್ಣೆಯ ಕೊಬ್ಬಿನಾಮ್ಲದಿಂದ ತಯಾರಾಗುವ ಪಿಜಿಪಿಆರ್. ಹರಿಯುತ್ತಿರುವುದನ್ನು 322 ತೆಳುವಾಗಿಸಿದರೆ, ನಿಂತದ್ದನ್ನು 476 ಹರಿಯಲು ತೊಡಗಿಸುತ್ತದೆ; ದುಬಾರಿ ಕೋಕೋ ಬೆಣ್ಣೆಯನ್ನು ಕಡಿಮೆ ಮಾಡಲು ತಯಾರಕರಿಗೆ ಇದು ನೆರವಾಗುತ್ತದೆ ಎಂಬುದನ್ನೂ ಗ್ರಾಹಕರು ತಿಳಿದಿರಬೇಕು.

471, ಅಂದರೆ ಮೋನೋ ಮತ್ತು ಡೈಗ್ಲಿಸರೈಡ್‌ಗಳು, ಬ್ರೆಡ್ಡಿನಲ್ಲಿ ಪಿಷ್ಟವನ್ನು ಹಿಡಿದುಕೊಂಡು ಅದು ಬೇಗ ಗಡುಸಾಗದಂತೆ ನೋಡಿಕೊಳ್ಳುತ್ತವೆ. 481 (ಸೋಡಿಯಂ ಸ್ಟಿಯರಾಯ್ಲ್ ಲ್ಯಾಕ್ಟಿಲೇಟ್) ಹಿಟ್ಟಿನ ಗ್ಲುಟೆನ್ ಎಂಬ ಪ್ರೋಟೀನಿಗೆ ಬಲ ಕೊಡುತ್ತದೆ. ಐಸ್‌ಕ್ರೀಮಿನಲ್ಲಿ ಮಾತ್ರ 471 ಮತ್ತು 433 (ಪಾಲಿಸಾರ್ಬೇಟ್ 80) ಹೆಸರಿಗೆ ವಿರುದ್ಧವಾದ ಕೆಲಸ ಮಾಡುತ್ತವೆ: ಹಾಲಿನ ಕೊಬ್ಬಿನ ಹನಿಗಳ ಸುತ್ತಲಿನ ಪ್ರೋಟೀನನ್ನು ಪಕ್ಕಕ್ಕೆ ಸರಿಸಿ, ಕಡೆಯುವಾಗ ಹನಿಗಳು ಭಾಗಶಃ ಅಂಟಿಕೊಳ್ಳುವಂತೆ ಮಾಡುತ್ತವೆ, ಗಾಳಿಯ ಗುಳ್ಳೆಗಳು ಒಡೆಯದೆ ನಿಲ್ಲುವುದು ಆ ಜಾಲದಿಂದಲೇ. 471 ಪ್ರಾಣಿಗಳ ಕೊಬ್ಬಿನಿಂದಲೂ ಬರಬಹುದು, ಸಂಖ್ಯೆ ನೋಡಿದರೆ ಅದು ತಿಳಿಯುವುದಿಲ್ಲ. ಸಸ್ಯಾಹಾರಿಗಳು ನಮ್ಮ ದೇಶದ ಪೊಟ್ಟಣಗಳಲ್ಲಿ ಹಸಿರು ಚುಕ್ಕೆಯನ್ನೇ ನೋಡಬೇಕು.

ಆರೋಗ್ಯದ ವಿಚಾರದಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಒಪ್ಪುವುದಿಲ್ಲ. ಲೆಸಿಥಿನ್‌ನ ಘಟಕಗಳು ನಮ್ಮ ಜೀವಕೋಶಗಳ ಪೊರೆಯಲ್ಲೇ ಇವೆ, 471 ಕೊಬ್ಬು ಜೀರ್ಣವಾಗುವಾಗ ಕರುಳಿನಲ್ಲಿ ತಾನಾಗಿ ಉಂಟಾಗುವ ಪದಾರ್ಥವೇ. ಸಂಶೋಧಕರ ಗಮನ ಹೆಚ್ಚಾಗಿ ಇರುವುದು 433 ಮತ್ತು 466ರ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಮೇಲೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇವೆರಡೂ ಇಲಿಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಬದಲಿಸಿ ಲಘು ಉರಿಯೂತವನ್ನು ಉಂಟುಮಾಡಿದವು. 2022ರಲ್ಲಿ ಪ್ರಕಟವಾದ, 16 ಮಂದಿಯಷ್ಟೇ ಪಾಲ್ಗೊಂಡ ಪ್ರಯೋಗದಲ್ಲಿ ಒಂದು ಗುಂಪಿಗೆ ದಿನಕ್ಕೆ 15 ಗ್ರಾಂ 466 ಅನ್ನು 11 ದಿನ ಕೊಟ್ಟಾಗ ಸೂಕ್ಷ್ಮಜೀವಿಗಳ ವೈವಿಧ್ಯ ಕುಗ್ಗಿತು. ಒಂದು ಬಟ್ಟಲು ಐಸ್‌ಕ್ರೀಮಿನಿಂದ ಸಿಗುವ ಪ್ರಮಾಣಕ್ಕೆ ಹೋಲಿಸಿದರೆ 15 ಗ್ರಾಂ ಬಹಳ ಹೆಚ್ಚು, ಆದರೂ ದಿನವೂ ಪೊಟ್ಟಣದ ತಿನಿಸನ್ನೇ ತಿನ್ನುವವರ ವಿಷಯದಲ್ಲಿ ನಾನು ಇದನ್ನು ಕಡೆಗಣಿಸುವುದಿಲ್ಲ.

ಕರುಳಿನ ದೀರ್ಘಕಾಲದ ಉರಿಯೂತ ಇರುವವರು ಈ ಎರಡು ಸಂಖ್ಯೆಗಳ ಬಗ್ಗೆ ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು. ಹುಡುಕುವಾಗ 'ಸ್ಟೆಬಿಲೈಸರ್' ಎಂಬ ಪದದ ಮುಂದೆಯೂ ಕಣ್ಣಾಡಿಸಿ, ಏಕೆಂದರೆ 466 ಹೆಚ್ಚಾಗಿ ಇರುವುದು ಅಲ್ಲಿಯೇ.