ಬೆನ್ನಿನ ಮೇಲಿನ ಸಂಖ್ಯೆ

ಪ್ರಿಯ ಬರಹಗಾರರೇ,

ಅಪಾಯಕಾರಿ ಮಾಯಾಜೀವಿಗಳ ಕುರಿತ ಒಂದು ಗ್ರಂಥಾಲಯದ ಪುಸ್ತಕ, ಅದರಿಂದ ಯಾರೋ ಹರಿದೊಯ್ದ ಹಾಳೆ, ಅದನ್ನು ಹುಡುಕಿ ಹೊರಡುವ ಹುಡುಗಿ. ನಿಮ್ಮ ನೀಳ್ಗತೆಯನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಪ್ರಾಣಿಗಳು ಕಣ್ಣಿಗೆ ಕಟ್ಟುತ್ತವೆ, ಪುಸ್ತಕ ಮಾತ್ರ ಕೈಗೆ ಸಿಗುವುದಿಲ್ಲ.

ಅದರ ಬೆನ್ನಿನ ಮೇಲೆ 398 ಎಂದು ಬರೆದಿದ್ದೀರಿ. ಗ್ರಂಥಾಲಯದ ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಅದು ಜಾನಪದದ ಸಂಖ್ಯೆ. ನಿಮ್ಮ ಕಥೆಯ ಲೋಕದಲ್ಲಿ ಈ ಜೀವಿಗಳು ನಿಜವಾಗಿ ಓಡಾಡುತ್ತವೆ, ಹಾಗಾಗಿ ಪುಸ್ತಕದ ಜಾಗ 590, ಪ್ರಾಣಿಶಾಸ್ತ್ರದ ಕಪಾಟು. 398 ಬೇಕೇ ಬೇಕೆಂದರೆ ಗ್ರಂಥಪಾಲಕರು ಆ ಜೀವಿಗಳನ್ನು ನಂಬುವುದಿಲ್ಲ ಎಂದಾಗುತ್ತದೆ. ಕೊನೆಗೆ ಅವರೇ ಹಳೆಯ ಚೀಟಿ ಕೆರೆದು ತೆಗೆದು 590 ಅಂಟಿಸಲಿ. ನಿಮ್ಮ ಮೂರು ಪುಟದ ಸಮಜಾಯಿಷಿ ಆಗ ಬೇಕಾಗುವುದಿಲ್ಲ.

‘46 ಮತ್ತು 47ನೇ ಪುಟಗಳಿದ್ದ ಹಾಳೆ’ ಎನ್ನುತ್ತೀರಿ. ಅಂಥ ಹಾಳೆ ಇರಲಾರದು. ಅವು ಎದುರುಬದುರು ಪುಟಗಳು. ಒಂದೇ ಹಾಳೆಯ ಎರಡು ಬದಿ ಎಂದರೆ 47 ಮತ್ತು 48. ಹದಿನಾರು ಪುಟಗಳ ಫಾರಂಗಳನ್ನು, ಅಂದರೆ ಅಚ್ಚಾದ ದೊಡ್ಡ ಕಾಗದಗಳನ್ನು, ಮಡಿಸಿ ಹೊಲಿದ ಪುಸ್ತಕದಲ್ಲಿ 33ರಿಂದ 48ರವರೆಗೆ ಮೂರನೇ ಫಾರಂ. ಅದರ ಕೊನೆಯ ಹಾಳೆಯನ್ನು ಮಡಿಕೆಯ ಗೆರೆಗೇ ಕತ್ತರಿಸಿದರೆ, ಅದೇ ಕಾಗದದ ಇನ್ನೊಂದು ಅರ್ಧವಾದ 33-34 ಹೊಲಿಗೆಯ ಹಿಡಿತ ತಪ್ಪಿ ಕಳಚಿಕೊಳ್ಳುತ್ತದೆ. ಹುಡುಗಿ ಪುಸ್ತಕ ಎತ್ತಿದಾಗ ಆ ಹಾಳೆ ಕಾಲ ಬಳಿ ಬೀಳಲಿ. ಕದ್ದದ್ದು ಯಾವ ಪುಟ ಎಂದು ಲೆಕ್ಕ ಹಾಕಲು ಅವಳಿಗೆ ಅಷ್ಟು ಸಾಕು, ಕನಸಿನಲ್ಲಿ ಅಜ್ಜಿ ಬಂದು ಹೇಳಬೇಕಿಲ್ಲ.

ಪರಾಮರ್ಶನ ಗ್ರಂಥವನ್ನು ಮನೆಗೆ ಕೊಡುವುದಿಲ್ಲ. ಒಂದೋ ಅವಳು ಅಲ್ಲೇ ಕೂತು ನಕಲು ಮಾಡಿಕೊಳ್ಳಲಿ, ಇಲ್ಲವೇ ಕದಿಯಲಿ.

ಇನ್ನು ಪುಸ್ತಕದೊಳಗಿನ ಬರಹ. ‘ಅತಿ ಭಯಂಕರ’ ಎಂಬ ಮಾತು ಹನ್ನೊಂದು ಕಡೆ ಬಂದಿದೆ, ಅಳತೆ ಒಂದೂ ಇಲ್ಲ. ರೋಮಿನ ಲೇಖಕ ಪ್ಲಿನಿ ಒಂದನೇ ಶತಮಾನದಲ್ಲಿ ಬೆಸಿಲಿಸ್ಕ್ ಎಂಬ ಹಾವನ್ನು ವರ್ಣಿಸಿದ್ದಾನೆ. ಹನ್ನೆರಡು ಬೆರಳಿಗಿಂತ ಉದ್ದವಿಲ್ಲ, ತಲೆಯ ಮೇಲೆ ಬಿಳಿ ಮಚ್ಚೆ. ಕುದುರೆಯ ಮೇಲಿಂದ ಈಟಿಯಲ್ಲಿ ಚುಚ್ಚಿದರೆ ವಿಷ ಈಟಿಯಗುಂಟ ಏರಿ ಸವಾರನನ್ನೂ ಕುದುರೆಯನ್ನೂ ಕೊಲ್ಲುತ್ತದೆಂಬ ನಂಬಿಕೆಯಿತ್ತಂತೆ. ಹಾವು ಗೇಣುದ್ದದ್ದು ಎಂಬುದರಿಂದಲೇ ಎದೆ ನಡುಗುತ್ತದೆ.

ನಿಮ್ಮ ನೆರಳುನಾಗಕ್ಕೂ ಇಂಥದ್ದು ಬೇಕು. ಎಷ್ಟು ಹೆಜ್ಜೆ ದೂರದಿಂದ ಎರಗುತ್ತದೆ, ದೀಪ ಹಿಡಿದರೆ ಎಷ್ಟು ಹೊತ್ತು ತಡೆಯುತ್ತದೆ? ಈ ಅಂಕಿಗಳಲ್ಲಿ ಒಂದು ತಪ್ಪಾಗಿ ಅಚ್ಚಾಗಿರಲಿ, ಹಿಂದೆ ಓದಿದವರು ಯಾರೋ ಅಂಚಿನಲ್ಲಿ ಪೆನ್ಸಿಲಿನಿಂದ ತಿದ್ದಿರಲಿ. ಹುಡುಗಿ ಅಚ್ಚನ್ನು ನಂಬಬೇಕೋ ಪೆನ್ಸಿಲನ್ನೋ? ಕಥೆಯನ್ನು ಅಲ್ಲಿಂದಲೇ ಶುರುಮಾಡಿ ಮತ್ತೆ ಕಳಿಸಿ.

ಸಂಪಾದಕರು