ಜೂಮ್ ಮಾಡಿದರೆ ಗ್ರಾಫ್ ಮಾತು ಕೇಳ್ತಿಲ್ಲ!

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗ್ರಾಫ್ ಬಗ್ಗೆಯೇ. ಅದರಲ್ಲೂ ಜೂಮ್ ಬಗ್ಗೆ.

ಪ್ರಶ್ನೆ: ಸೆನ್ಸರ್‌ನಿಂದ ಬರುವ ತಾಪಮಾನವನ್ನು ಪೈಥಾನ್‌ನ ಗ್ರಾಫ್ ಬರೆಯುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಲೈವ್ ಆಗಿ ತೋರಿಸುತ್ತಿದ್ದೇನೆ. ಒಂದು ಏರಿಳಿತ ನೋಡೋಣ ಅಂತ ಜೂಮ್ ಮಾಡಿದರೆ, ಮರುಕ್ಷಣವೇ ಪೂರ್ತಿ ಗ್ರಾಫ್ ವಾಪಸ್ ಬರುತ್ತದೆ. ಕಂಪ್ಯೂಟರ್ ನಿಧಾನ ಇರೋದರಿಂದ ಹೀಗಾ?

ಕಂಪ್ಯೂಟರ್ ಪಾಪ, ಅದನ್ನು ಬಿಟ್ಟುಬಿಡಿ. ನಿಮ್ಮ ಲೂಪ್ (ಮತ್ತೆ ಮತ್ತೆ ಓಡುವ ಕೋಡ್) ಒಳಗೆ ಆಕ್ಸಿಸ್ (ಗ್ರಾಫ್‌ನ ಚೌಕಟ್ಟು) ಮೇಲೆ ಕ್ಲಿಯರ್ ಕರೆದು, ಆಮೇಲೆ ಮತ್ತೆ ಪ್ಲಾಟ್ ಕರೆಯುತ್ತಿದ್ದೀರಿ, ಅಲ್ವಾ? ಲೈವ್ ಗ್ರಾಫ್ ಬರೆಯುವವರು ಸಾಮಾನ್ಯವಾಗಿ ಮಾಡುವುದೇ ಅದು. ಕ್ಲಿಯರ್ ಅಂದರೆ ಗೆರೆ ಮಾತ್ರ ಹೋಗುವುದಿಲ್ಲ. ಹೆಸರು, ಗ್ರಿಡ್, ನೀವು ಜೂಮ್ ಮಾಡಿ ಇಟ್ಟ ಮಿತಿ, ಎಲ್ಲವೂ ಹೋಗುತ್ತದೆ. ಆಮೇಲೆ ಬರುವ ಪ್ಲಾಟ್ ಹೊಸದಾಗಿ ಡೇಟಾ ನೋಡಿ ತನಗೆ ಬೇಕಾದ ಮಿತಿ ಹಾಕಿಕೊಳ್ಳುತ್ತದೆ.

ಗೆರೆಯನ್ನು ಲೂಪ್ ಹೊರಗೆ ಒಂದೇ ಸಲ ಸೃಷ್ಟಿಸಿ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಒಳಗೆ ಆ ಗೆರೆಗೆ ಸೆಟ್_ಡೇಟಾ ಮಾತ್ರ ಮಾಡಿ, ಅಂದರೆ ಹೊಸ ಡೇಟಾ ಕೊಡಿ. ಇಷ್ಟೇ ಮಾಡಿ ಬಿಟ್ಟರೆ ಇನ್ನೊಂದು ತಲೆನೋವು: ಹೊಸ ಬಿಂದುಗಳು ಬಲಗಡೆ ಚೌಕಟ್ಟು ದಾಟಿ ಹೋಗುತ್ತವೆ, ಗ್ರಾಫ್ ಮಾತ್ರ ಅಲ್ಲೇ ನಿಂತಿರುತ್ತದೆ, ಯಾಕಂದರೆ ಸೆಟ್_ಡೇಟಾ ಮಿತಿಗಳನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಹಿಂದೆಯೇ ರಿಲಿಮ್ (ಡೇಟಾದ ವ್ಯಾಪ್ತಿ ಮತ್ತೆ ಲೆಕ್ಕ ಹಾಕುತ್ತದೆ), ಆಮೇಲೆ ಆಟೋಸ್ಕೇಲ್_ವ್ಯೂ (ಅದಕ್ಕೆ ತಕ್ಕ ಮಿತಿ ಹಾಕುತ್ತದೆ) ಕರೆಯಬೇಕು, ಕೊನೆಗೆ ಡ್ರಾ_ಐಡಲ್ (ಗ್ರಾಫ್ ಮತ್ತೆ ಬರೆಸುತ್ತದೆ).

ಹಾಗಾದರೆ ಆಟೋಸ್ಕೇಲ್ ಮತ್ತೆ ನನ್ನ ಜೂಮ್ ಕೆಡಿಸುವುದಿಲ್ಲವಾ ಅಂತ ಕೇಳಬಹುದು. ಕೆಡಿಸುವುದಿಲ್ಲ. ಟೂಲ್‌ಬಾರ್‌ನ ಭೂತಗನ್ನಡಿ ಹಿಡಿದು ನೀವು ಚೌಕ ಎಳೆದ ತಕ್ಷಣ ಆ ಆಕ್ಸಿಸ್‌ನ ಆಟೋಸ್ಕೇಲ್ ತಾನಾಗಿಯೇ ಆಫ್ ಆಗುತ್ತದೆ. ನೋಡಿ ಮುಗಿದ ಮೇಲೆ ಮತ್ತೆ ಓಡುವ ಗ್ರಾಫ್ ಬೇಕೆಂದರೆ ಆಟೋಸ್ಕೇಲ್ ಅನ್ನು ಟ್ರೂ ಮಾಡುವ ಒಂದು ಕೀ ಅಥವಾ ಬಟನ್ ಇಟ್ಟುಕೊಳ್ಳಿ. ಹಾಂ, ಲೂಪ್ ಒಳಗೆ ಎಲ್ಲಾದರೂ ಅಡ್ಡ ಮಿತಿಯನ್ನು ಕೈಯಾರೆ ಹಾಕುವ ಸೆಟ್_ಎಕ್ಸ್‌ಲಿಮ್ ಉಳಿದಿದ್ದರೆ ಅದನ್ನೂ ತೆಗೆಯಿರಿ. ಇಲ್ಲವಾದರೆ ಇಷ್ಟೆಲ್ಲಾ ಮಾಡಿದ್ದು ನೀರಲ್ಲಿ ಹೋಮ.

ಪ್ರಶ್ನೆ: ಅಡ್ಡಕ್ಕೆ ಮಾತ್ರ ಜೂಮ್ ಆಗಬೇಕು. ಚೌಕ ಎಳೆದರೆ ಎತ್ತರವೂ ಬದಲಾಗುತ್ತದೆ.

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಎಕ್ಸ್ ಕೀ ಒತ್ತಿಹಿಡಿದು ಎಳೆಯಿರಿ. ವೈ ಒತ್ತಿದರೆ ಉದ್ದಕ್ಕೆ ಮಾತ್ರ. ಗ್ರಾಫ್ ಬರೆಯುವ ಇನ್ನೊಂದು ಸಾಧನ ಮ್ಯಾಟ್‌ಲ್ಯಾಬ್‌ನಲ್ಲಿ ಜೂಮ್ ಎಕ್ಸ್‌ಆನ್ ಅಂತ ಒಂದು ಆದೇಶ ಕೊಟ್ಟರೆ ಸಾಕು. ಮತ್ತೊಂದು ಗ್ರಾಫ್ ಲೈಬ್ರರಿ ಪ್ಲಾಟ್ಲಿಯಲ್ಲಿ ಕೈ ಓರೆಯಾಗದೆ ನೇರ ಅಡ್ಡಕ್ಕೆ ಎಳೆದರೆ ಅದೇ ಅರ್ಥ ಮಾಡಿಕೊಳ್ಳುತ್ತದೆ.

ಪ್ರಶ್ನೆ: ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಡೇಟಾ) ಫೈಲ್‌ನಿಂದ ಬರೆದ ಗ್ರಾಫ್‌ನಲ್ಲಿ ಕೆಳಗಿನ ಸಂಖ್ಯೆಗಳೆಲ್ಲ ಒಂದರ ಮೇಲೊಂದು ಬಿದ್ದು ಕಪ್ಪು ಪಟ್ಟಿ ಆಗಿದೆ. ಜೂಮ್ ಮಾಡಿದರೆ 3 ಆದ ಮೇಲೆ 40, ಅದಾದ ಮೇಲೆ 5, ಹೀಗೆ ಕಾಣುತ್ತಿದೆ!

ಅವು ಸಂಖ್ಯೆಗಳಲ್ಲ, ಸಂಖ್ಯೆಯ ವೇಷದ ಅಕ್ಷರಗಳು. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಕೊಟ್ಟರೆ ಅದು ಅವನ್ನು ಬರೀ ಹೆಸರುಗಳು ಅಂದುಕೊಂಡು, ಫೈಲ್‌ನಲ್ಲಿ ಬಂದ ಕ್ರಮದಲ್ಲೇ ಸಮ ಅಂತರದಲ್ಲಿ ನಿಲ್ಲಿಸುತ್ತದೆ, ಪ್ರತಿಯೊಂದಕ್ಕೂ ಒಂದೊಂದು ಲೇಬಲ್ ಹಚ್ಚುತ್ತದೆ. ಕಪ್ಪು ಪಟ್ಟಿ ಅದೇ. ಪೈಥಾನ್‌ನ ಡೇಟಾ ಲೈಬ್ರರಿ ಪಾಂಡಾಸ್‌ನಲ್ಲಿ ಆ ಕಾಲಮ್‌ನ ಡಿಟೈಪ್, ಅಂದರೆ ಡೇಟಾದ ಬಗೆ, ನೋಡಿ. ಸಂಖ್ಯೆಯ ಬಗೆಗಳಾದ ಫ್ಲೋಟ್64 ಅಥವಾ ಇಂಟ್64 ಬದಲು ಆಬ್ಜೆಕ್ಟ್ (ಹೊಸ ಪಾಂಡಾಸ್‌ನಲ್ಲಿ ಎಸ್‌ಟಿಆರ್) ಅಂತ ಬಂದರೆ ಕಳ್ಳ ಸಿಕ್ಕಿದ. ಹೆಡರ್ ಕೆಳಗೆ ಯೂನಿಟ್‌ಗಳ ಸಾಲು ಇದ್ದರೂ ಸಾಕು, ಎಲ್ಲೋ ಒಂದು ಕಡೆ ಬರೀ ಗೀಟು ಎಳೆದಿದ್ದರೂ ಸಾಕು, ಇಡೀ ಕಾಲಮ್ ಅಕ್ಷರವಾಗಿಬಿಡುತ್ತದೆ. ಟು_ನ್ಯೂಮರಿಕ್ ಕರೆದು ಎರರ್ಸ್‌ಗೆ ಕೋಯರ್ಸ್ ಕೊಡಿ, ಸಂಖ್ಯೆಯಾಗದ್ದು ಖಾಲಿಯಾಗುತ್ತದೆ. ಆದರೆ ಎಷ್ಟು ಜಾಗ ಖಾಲಿಯಾಯಿತು ಅಂತ ಎಣಿಸದೆ ಮುಂದೆ ಹೋಗಬೇಡಿ. ದಶಾಂಶಕ್ಕೆ ಚುಕ್ಕಿಯ ಬದಲು ಕಾಮಾ ಹಾಕಿದ ಫೈಲ್ ಆಗಿದ್ದರೆ ಕೋಯರ್ಸ್ ಸದ್ದಿಲ್ಲದೆ ಅವನ್ನೆಲ್ಲ ಅಳಿಸಿಹಾಕುತ್ತದೆ. ಅಂಥ ಫೈಲ್ ಓದುವಾಗಲೇ ಡೆಸಿಮಲ್ ಅಂದರೆ ಕಾಮಾ ಅಂತ ಹೇಳಬೇಕು.

ಪ್ರಶ್ನೆ: ದೂರದಿಂದ ನೋಡಿದರೆ ಗೆರೆ ನಯವಾಗಿದೆ, ತುಂಬಾ ಜೂಮ್ ಮಾಡಿದರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಉಪಕರಣ ಸೆಕೆಂಡಿಗೊಂದು ರೀಡಿಂಗ್ ಕೊಡುತ್ತದೆ. ಸಮಯ ಯುನಿಕ್ಸ್ ಸೆಕೆಂಡುಗಳಲ್ಲಿದೆ. ಜೂಮ್‌ನಲ್ಲಿ ದೋಷವಾ?

ಒಳ್ಳೆಯ ಪ್ರಶ್ನೆ. ಜೂಮ್ ಇಲ್ಲಿ ಸತ್ಯ ಹೇಳುತ್ತಿದೆ. ನಿಮ್ಮ ಸಮಯದ ಕಾಲಮ್ ಫ್ಲೋಟ್32 (32 ಬಿಟ್‌ನ ದಶಾಂಶ ಸಂಖ್ಯೆ) ಇರಬೇಕು, ನೋಡಿ. ಯುನಿಕ್ಸ್ ಸಮಯ 1970ರ ಜನವರಿ 1ರಿಂದ ಎಣಿಕೆ, ಈಗ 170 ಕೋಟಿ ದಾಟಿದೆ. ಫ್ಲೋಟ್32ರಲ್ಲಿ ನಿಖರತೆಗೆ ಸಿಗುವುದು 24 ಬಿಟ್, ಹಾಗಾಗಿ ಅಷ್ಟು ದೊಡ್ಡ ಸಂಖ್ಯೆಯ ಪಕ್ಕದಲ್ಲಿ ಅದು ಹಿಡಿದಿಡಬಲ್ಲ ಮುಂದಿನ ಸಂಖ್ಯೆ 128 ಸೆಕೆಂಡು ಆಚೆ ಇರುತ್ತದೆ. ಎರಡು ನಿಮಿಷಕ್ಕೂ ಜಾಸ್ತಿ! ನಡುವಿನ ರೀಡಿಂಗ್‌ಗಳೆಲ್ಲ ಒಂದೇ ಕಂಬದ ಮೇಲೆ ಬಂದು ಕೂರುತ್ತವೆ.

ಫ್ಲೋಟ್64ರಲ್ಲಿ ಓದಿ, ಮೊದಲ ಸಮಯವನ್ನು ಎಲ್ಲದರಿಂದ ಕಳೆದುಬಿಡಿ. ಆಮೇಲೆ ಬೇಕಿದ್ದರೆ ಫ್ಲೋಟ್32ಕ್ಕೆ ಇಳಿಸಿ. ಕ್ರಮ ಹಿಂದುಮುಂದಾದರೆ ಪ್ರಯೋಜನವಿಲ್ಲ. ಫೈಲ್ ಬರೆಯುವಾಗಲೇ ಫ್ಲೋಟ್32 ಮಾಡಿದ್ದರೆ ಹೋದ ಸಮಯ ಕಾಲಮ್‌ನಿಂದ ವಾಪಸ್ ಬರುವುದಿಲ್ಲ. ಮಧ್ಯೆ ಒಂದೂ ರೀಡಿಂಗ್ ತಪ್ಪಿಲ್ಲ ಅಂತ ಖಾತ್ರಿ ಇದ್ದರೆ ಮಾತ್ರ ಸಾಲಿನ ಸಂಖ್ಯೆಯಿಂದ ಹೊಸದಾಗಿ ಕಟ್ಟಿಕೊಳ್ಳಬಹುದು.

ಪ್ರಶ್ನೆ: ಆದೇಶ ಟೈಪ್ ಮಾಡಿ ಗ್ರಾಫ್ ಬರೆಯುವ ಗ್ನುಪ್ಲಾಟ್‌ನಲ್ಲಿ ಕೈತಪ್ಪಿ ಮೌಸ್‌ನ ಬಲ ಬಟನ್ ಒತ್ತಿ ಎಲ್ಲೋ ಜೂಮ್ ಆಗಿದೆ. ಹೊರಗೆ ಬರೋದು ಹೇಗೆ?

ಗ್ರಾಫ್ ಕಿಟಕಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ ಪಿ ಒತ್ತಿ, ಹಿಂದಿನ ಜೂಮ್‌ಗೆ ಹೋಗುತ್ತೀರಿ. ಯು ಒತ್ತಿದರೆ ಜೂಮ್ ಪೂರ್ತಿ ಹೋಗುತ್ತದೆ, ಎ ಒತ್ತಿದರೆ ಆಟೋಸ್ಕೇಲ್. ಉಳಿದ ಕೀಗಳ ಪಟ್ಟಿ ಬೇಕೆಂದರೆ ಎಚ್ ಒತ್ತಿ, ಪಟ್ಟಿ ಗ್ರಾಫ್‌ನಲ್ಲಿ ಬರುವುದಿಲ್ಲ, ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ ಬರುತ್ತದೆ.