ದುಡ್ಡು ಕೊಡುವ ಯೂನಿವರ್ಸಿಟಿಯಾ, ಮನಸ್ಸು ಕೊಟ್ಟ ಯೂನಿವರ್ಸಿಟಿಯಾ?

ಪ್ರಶ್ನೆ: ಅಕ್ಕಾ, ನನಗೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು ಯೂನಿವರ್ಸಿಟಿ ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದಿದೆ. ಇನ್ನೊಂದು ನಾನು ಒಂಬತ್ತನೇ ಕ್ಲಾಸಿನಿಂದ ಆಸೆ ಇಟ್ಟುಕೊಂಡಿದ್ದ ಜಾಗ, ಅವರು ಬಿಡಿಗಾಸೂ ಕೊಡುತ್ತಿಲ್ಲ. ನಾಲ್ಕು ವರ್ಷದ ಜೀವವಿಜ್ಞಾನದ ಕೋರ್ಸ್ ಎರಡೂ ಕಡೆ ಇದೆ. ಮುಂದೆ ಪಿಎಚ್‌ಡಿ ಮಾಡುವ ಆಸೆ. ಅಪ್ಪ "ದುಡ್ಡಿನ ಚಿಂತೆ ನಿನಗ್ಯಾಕೆ, ಸಾಲ ಮಾಡೋಣ" ಅನ್ನುತ್ತಾರೆ. ಅಮ್ಮ ಏನೂ ಹೇಳುವುದಿಲ್ಲ, ಸುಮ್ನೆ ಇರುತ್ತಾರೆ. ಇಬ್ಬರೂ ಡಿಗ್ರಿ ಓದಿದವರು, ಕೆಲಸದಲ್ಲಿದ್ದಾರೆ, ಆದರೆ ಕೂಡಿಟ್ಟದ್ದು ಅಷ್ಟೇನಿಲ್ಲ. ತಮ್ಮ ಇನ್ನೂ ಓದಬೇಕು. ಸ್ಕಾಲರ್‌ಶಿಪ್ ಕಡೆ ಹೋದರೆ "ಅಲ್ಲಿಗೆ ಹೋಗಿದ್ದರೆ" ಅಂತ ಕೊನೆವರೆಗೂ ಕೊರಗುತ್ತೇನೇನೋ ಅಂತ ಭಯ. ಉತ್ತರ ಹೇಳಲು ಮೂರು ವಾರ ಟೈಮ್ ಇದೆ.
– ಹೆಸರು ಹಾಕಬೇಡಿ

ಉತ್ತರ: ಈ ಸಂಚಿಕೆ ನಿನ್ನ ಕೈ ಸೇರುವಷ್ಟರಲ್ಲಿ ಮೂರು ವಾರದಲ್ಲಿ ಒಂದು ವಾರ ಹೋಗಿರುತ್ತದೆ, ಅದಕ್ಕೇ ಸುತ್ತಿ ಬಳಸುವುದಿಲ್ಲ. ಸ್ಕಾಲರ್‌ಶಿಪ್ ತೆಗೆದುಕೋ. ನೀನು ಬರೆದ ಅಷ್ಟೂ ಸಾಲುಗಳಲ್ಲಿ ನನ್ನನ್ನು ಈ ಕಡೆ ಎಳೆದದ್ದು ದುಡ್ಡಿನ ಮಾತಲ್ಲ. "ಮುಂದೆ ಪಿಎಚ್‌ಡಿ ಮಾಡುವ ಆಸೆ" ಅನ್ನುವ ಒಂದು ಸಾಲು.

ಯಾಕೆ ಅಂದರೆ ಪಿಎಚ್‌ಡಿ ಅಂದರೆ ಮತ್ತೆ ಐದಾರು ವರ್ಷ. ವಿಜ್ಞಾನದ ವಿಷಯಗಳಲ್ಲಿ ಬಹಳ ಕಡೆ ಫೀಸ್ ಇರುವುದಿಲ್ಲ, ಮೇಲೆ ಸ್ಟೈಪೆಂಡ್ ಕೊಡುತ್ತಾರೆ, ನಿಜ. ಆದರೆ ಆ ಸ್ಟೈಪೆಂಡ್ ಒಬ್ಬರು ಕೈ ಬಿಗಿಹಿಡಿದು ಬದುಕಲು ಸಾಕಾಗುವಷ್ಟು ಮಾತ್ರ. ಅದರಲ್ಲಿ ಡಿಗ್ರಿ ಸಾಲದ ಕಂತನ್ನೂ ಕಟ್ಟಬೇಕು ಅಂದರೆ ಏನಾಗುತ್ತದೆ ಗೊತ್ತಾ? ಕಂತು ಅಪ್ಪನ ತಲೆಗೆ ಬರುತ್ತದೆ. ಇಲ್ಲವೇ ನೀನೇ "ಎರಡು ವರ್ಷ ಕೆಲಸ ಮಾಡಿ ಸಾಲ ತೀರಿಸಿ ಆಮೇಲೆ ಪಿಎಚ್‌ಡಿ" ಅನ್ನುತ್ತೀಯ. ಹಾಗೆ ಅಂದವರನ್ನು ನಾನು ಸುಮಾರು ಜನ ನೋಡಿದ್ದೇನೆ. ಆ ಎರಡು ವರ್ಷ ಯಾವತ್ತೂ ಎರಡೇ ವರ್ಷಕ್ಕೆ ಮುಗಿದದ್ದಿಲ್ಲ.

ಈಗ ಅಪ್ಪನ "ಸಾಲ ಮಾಡೋಣ" ಅನ್ನುವ ಮಾತಿಗೆ ಬರೋಣ. ಒಳ್ಳೆಯ ಅಪ್ಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟು ಸಾಲ, ಎಷ್ಟು ವರ್ಷಕ್ಕೆ, ಅದನ್ನು ಅವರು ಹೇಳಿದ್ದಾರಾ? ನಿನ್ನ ಪತ್ರದಲ್ಲಂತೂ ಇಲ್ಲ. ನೂರು ಸಾಲ ತೆಗೆದೆ ಅಂತ ಇಟ್ಟುಕೋ, ಬಡ್ಡಿ ವರ್ಷಕ್ಕೆ ಶೇ 10. ಓದುವ 4 ವರ್ಷ ಏನೂ ಕಟ್ಟುವುದಿಲ್ಲ, ಸರಳ ಬಡ್ಡಿ ಮಾತ್ರ ಸೇರುತ್ತಾ ಹೋಗುತ್ತದೆ. ಡಿಗ್ರಿ ಕೈಗೆ ಬರುವ ದಿನ ಸಾಲ 140 ಆಗಿರುತ್ತದೆ. ಅದನ್ನು 10 ವರ್ಷ ತಿಂಗಳ ಕಂತಿನಲ್ಲಿ ತೀರಿಸಿದರೆ ಒಟ್ಟು ಕಟ್ಟುವುದು ಹೆಚ್ಚುಕಮ್ಮಿ 222. ಕಂತು ಭಾರ ಆಯಿತು ಅಂತ 15 ವರ್ಷಕ್ಕೆ ಎಳೆದರೆ 271ರ ಹತ್ತಿರ. ಸಾಲ ಒಂದೇ ಸಲ ಬರದೆ ವರ್ಷಕ್ಕೆ 25ರ ಹಾಗೆ ಬಂದರೆ ಸ್ವಲ್ಪ ಇಳಿಯುತ್ತದೆ, 10 ವರ್ಷಕ್ಕೆ 198ರ ಹತ್ತಿರ. ಅಂದರೂ ಡಬಲ್ ಆಯಿತಲ್ವಾ? ಜೊತೆಗೆ ಫೀಸ್ ನಿಂತಲ್ಲೇ ನಿಲ್ಲುವುದಿಲ್ಲ. ಮೊದಲ ವರ್ಷ 100 ಇದ್ದದ್ದು ವರ್ಷಕ್ಕೆ ಶೇ 8 ಏರಿದರೆ ನಾಲ್ಕನೇ ವರ್ಷ 126, ಒಟ್ಟು 400 ಅಂದುಕೊಂಡದ್ದು 450 ದಾಟುತ್ತದೆ. ನಿಮ್ಮ ಮನೆಯ ನಿಜವಾದ ಅಂಕಿ ಹಾಕಿ ಈ ಲೆಕ್ಕವನ್ನು ಅಪ್ಪನ ಪಕ್ಕ ಕೂತು ಮಾಡು. ಅಮ್ಮನನ್ನೂ ಕೂರಿಸಿಕೋ. ಸುಮ್ಮನಿರುವ ಅಮ್ಮ ಮನಸ್ಸಿನಲ್ಲೇ ಈ ಲೆಕ್ಕ ಆಗಲೇ ಹಾಕಿ ಮುಗಿಸಿದ್ದಾರೆ ಅಂತ ನನ್ನ ಗುಮಾನಿ.

ಇಷ್ಟು ಹೇಳಿದ ಮೇಲೆ ದೊಡ್ಡ ಹೆಸರಿಗೆ ಬೆಲೆಯೇ ಇಲ್ಲ ಅಂತ ಹೇಳಿ ನಿನ್ನನ್ನು ಸಮಾಧಾನ ಮಾಡುವುದಿಲ್ಲ. ಇದೆ, ಆದರೆ ಎಲ್ಲರಿಗೂ ಒಂದೇ ಸಮ ಅಲ್ಲ. ಇದರ ಬಗ್ಗೆ ಅಮೆರಿಕದಲ್ಲಿ ಚೆನ್ನಾಗಿ ಅಧ್ಯಯನ ಆಗಿದೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 1976ರಲ್ಲಿ ಕಾಲೇಜು ಸೇರಿದವರನ್ನು ತೆಗೆದುಕೊಂಡು ಸುಮಾರು ಇಪ್ಪತ್ತು ವರ್ಷದ ನಂತರ ಅವರ ಸಂಬಳ ನೋಡಿದರು. ಒಂದೇ ತರಹದ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ತರಹದ ಕಡೆ ಸೀಟು ಸಿಕ್ಕವರನ್ನು ಒಬ್ಬರ ಪಕ್ಕ ಒಬ್ಬರನ್ನಿಟ್ಟು ಹೋಲಿಸಿದರು. ಸೀಟು ಸಿಗುವುದು ಇನ್ನೂ ಕಷ್ಟ ಅನ್ನುವ ಕಾಲೇಜಿಗೆ ಹೋದವರಿಗೂ, ಅಷ್ಟು ಕಷ್ಟವಿಲ್ಲದ ಕಡೆ ಸೇರಿದವರಿಗೂ ಸಂಬಳದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಂದರೆ ಸೀಟು ತಂದುಕೊಟ್ಟ ತಲೆ ಎರಡೂ ಕಡೆ ಜೊತೆಗೇ ಹೋಗಿತ್ತು! ಆದರೆ ಬಡ ಮನೆಯ ಮಕ್ಕಳಿಗೆ, ಮತ್ತೆ ಮುಂದೆ ಅವರೇ ಮಾಡಿದ ಇನ್ನೊಂದು ಅಧ್ಯಯನದಲ್ಲಿ ತಂದೆತಾಯಿ ಹೆಚ್ಚು ಓದದ ಮನೆಯ ಮಕ್ಕಳಿಗೆ, ಅಂಥ ಕಾಲೇಜಿನಿಂದ ಲಾಭ ಆಗಿತ್ತು. ಇಂಥವರಿಗೆ ದಾರಿ ತೋರಿಸುವವರು, ಶಿಫಾರಸು ಮಾಡುವವರು ಮನೆಯಲ್ಲಿ ಇರುವುದಿಲ್ಲ, ಅದನ್ನು ಕಾಲೇಜೇ ಕೊಟ್ಟಿರಬಹುದು ಅಂತ ನನಗನ್ನಿಸುತ್ತದೆ. 2023ರಲ್ಲಿ ರಾಜ್ ಚೆಟ್ಟಿ ಅನ್ನುವ ಅರ್ಥಶಾಸ್ತ್ರಜ್ಞರು ಮತ್ತು ಜೊತೆಗಾರರು ಅಲ್ಲಿನ ಹನ್ನೆರಡು ಅತಿ ದೊಡ್ಡ ಹೆಸರಿನ ಕಾಲೇಜುಗಳನ್ನು ನೋಡಿದಾಗಲೂ ಸರಾಸರಿ ಸಂಬಳಕ್ಕೆ ಆದ ಪರಿಣಾಮ ಚಿಕ್ಕದೇ. ತುತ್ತತುದಿಯ ಶೇ 1ರ ಸಂಬಳ, ಹೆಸರಾಂತ ಕಂಪನಿ, ಹೆಸರಾಂತ ಉನ್ನತ ಓದಿನ ಜಾಗ, ಇವುಗಳಿಗೆ ಏರುವ ಸಾಧ್ಯತೆ ಮಾತ್ರ ಚೆನ್ನಾಗಿಯೇ ಜಾಸ್ತಿ ಆಗಿತ್ತು. ಹಾಗಾಗಿ ನೀನು ನಿಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳಾಗಿದ್ದರೆ, ಅಥವಾ ಆ ಯೂನಿವರ್ಸಿಟಿ ಅಂಥ ಹನ್ನೆರಡರ ಸಾಲಿನದ್ದಾಗಿದ್ದರೆ, ನನ್ನ ಉತ್ತರ ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ. ನೀನು "ಆಸೆಯ ಜಾಗ" ಅಂತ ಬರೆದೆಯೇ ಹೊರತು ಅಲ್ಲಿ ಏನಿದೆ ಅಂತ ಒಂದು ಮಾತೂ ಬರೆದಿಲ್ಲ.

ಅದೇ ನನ್ನ ತಲೆಯಲ್ಲಿ ಕೊರೆಯುತ್ತಿರುವುದು. ಒಂಬತ್ತನೇ ಕ್ಲಾಸಿನ ಹುಡುಗಿ ಯಾವುದೋ ಫೋಟೋ ನೋಡಿ, ಯಾರದೋ ಮಾತು ಕೇಳಿ ಆಸೆ ಪಟ್ಟಳು. ಪರವಾಗಿಲ್ಲ, ನಾವೆಲ್ಲ ಹಾಗೇ ಆಸೆಪಟ್ಟವರು. ಆದರೆ ಈಗಿನ ನಿನಗೆ ಅಲ್ಲಿ ಬೇಕಾದದ್ದು ಏನು? ಎರಡೂ ಯೂನಿವರ್ಸಿಟಿಗಳ ಮೂರು, ನಾಲ್ಕನೇ ವರ್ಷದ ವಿಷಯಗಳ ಪಟ್ಟಿ ತೆಗೆದು ನೋಡು. ಪಟ್ಟಿಯಲ್ಲಿ ಇದ್ದರೆ ಸಾಲದು, ಪ್ರತಿ ವರ್ಷ ನಿಜವಾಗಿ ಪಾಠ ಮಾಡುತ್ತಾರಾ ಅಂತ ಕೇಳು. ಎರಡೂ ಕಡೆ ಕೊನೆ ವರ್ಷದಲ್ಲಿರುವ ಒಬ್ಬೊಬ್ಬರನ್ನು ಹುಡುಕಿ, "ಲ್ಯಾಬಿನಲ್ಲಿ ಡಿಗ್ರಿ ಹುಡುಗರ ಕೈಗೆ ಪಿಪೆಟ್ ಯಾವಾಗ ಸಿಗುತ್ತದೆ? ಮೊದಲ ವರ್ಷವಾ, ಕೊನೆ ವರ್ಷವಾ, ಇಲ್ಲ ನಿಂತು ನೋಡುವುದಷ್ಟೇನಾ?" ಅಂತ ಕೇಳು. ಪಿಎಚ್‌ಡಿಗೆ ಆಯ್ಕೆ ಮಾಡುವವರು ನೀನು ಲ್ಯಾಬಿನಲ್ಲಿ ಏನು ಮಾಡಿದ್ದೆ, ನಿನ್ನನ್ನು ಹತ್ತಿರದಿಂದ ನೋಡಿದ ಮೇಷ್ಟ್ರು ಏನು ಬರೆದಿದ್ದಾರೆ ಅನ್ನುವುದಕ್ಕೆ ತುಂಬ ಬೆಲೆ ಕೊಡುತ್ತಾರೆ. ದೊಡ್ಡ ಜಾಗದಲ್ಲಿ ಪಿಎಚ್‌ಡಿಯವರೇ ಲ್ಯಾಬ್ ತುಂಬಿಕೊಂಡು ಡಿಗ್ರಿಯವರು ಬಾಗಿಲಲ್ಲಿ ಕಾಯುವುದುಂಟು. ಚಿಕ್ಕ ಜಾಗದಲ್ಲಿ ಲ್ಯಾಬೇ ಇಲ್ಲದಿರುವುದೂ ಉಂಟು. ಸ್ಕಾಲರ್‌ಶಿಪ್ ಕಡೆ ಎರಡನೆಯ ಪರಿಸ್ಥಿತಿ ಇದ್ದರೆ ನಾನು ಮೇಲೆ ಹೇಳಿದ ಉತ್ತರವನ್ನು ಹೊಡೆದುಹಾಕು. ತಮಾಷೆ ಅಲ್ಲ.

ಇನ್ನು ಸ್ಕಾಲರ್‌ಶಿಪ್ ಪತ್ರ. ಮೊದಲ ಪುಟದ "ಅಭಿನಂದನೆಗಳು" ಓದಿ ಮಡಚಿ ಇಟ್ಟಿರುತ್ತೀಯ, ಅಲ್ವಾ? ನಾನೂ ಹಾಗೇ ಮಾಡಿದ್ದೆ. ನನ್ನ ಸ್ಕಾಲರ್‌ಶಿಪ್ ಎರಡನೇ ವರ್ಷಕ್ಕೆ ನಿಂತುಹೋಯಿತು. ಫೇಲ್ ಆಗಿರಲಿಲ್ಲ, ಅಂಕಗಳೂ ಚೆನ್ನಾಗಿದ್ದವು. ಹುಷಾರಿಲ್ಲದ ಒಂದು ಸೆಮಿಸ್ಟರ್‌ನಲ್ಲಿ ಒಂದು ವಿಷಯ ಕೈಬಿಟ್ಟಿದ್ದೆ, ಪ್ರತಿ ವಿಷಯಕ್ಕೂ ಇಷ್ಟಿಷ್ಟು ಅಂತ ಲೆಕ್ಕ ಸಿಗುವ ಕ್ರೆಡಿಟ್‌ನಲ್ಲಿ ಕನಿಷ್ಠಕ್ಕಿಂತ ಎರಡು ಕಮ್ಮಿ ಬಿತ್ತು. ಆಫೀಸಿನಲ್ಲಿ ಕೂತಿದ್ದವರು ನಾಲ್ಕನೇ ಪುಟ ತಿರುಗಿಸಿ ಒಂದು ಸಾಲಿನ ಕೆಳಗೆ ಪೆನ್ನಿನ ತುದಿ ಇಟ್ಟು ತೋರಿಸಿದರು, ಕೆಳಗಡೆ ನನ್ನದೇ ಸಹಿ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಜಾಗ ಇರಲಿಲ್ಲ. ಒಂದು ಅರ್ಜಿ ಕೊಟ್ಟು ಮೊದಲೇ ಅನುಮತಿ ಕೇಳಿದ್ದರೆ ಆಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ಹಾಗಾಗಿ ನಾಲ್ಕನೇ ಪುಟ ಓದು. "ಪೂರ್ತಿ" ಅಂದರೆ ಬೋಧನಾ ಶುಲ್ಕ ಮಾತ್ರವಾ, ಹಾಸ್ಟೆಲ್, ಊಟ, ಲ್ಯಾಬ್ ಫೀಸ್, ಪರೀಕ್ಷಾ ಶುಲ್ಕ ಸೇರಿದೆಯಾ? ನಾಲ್ಕೂ ವರ್ಷಕ್ಕಾ, ವರ್ಷ ವರ್ಷ ನವೀಕರಿಸಬೇಕಾ? ಎಷ್ಟು ಅಂಕಕ್ಕಿಂತ ಇಳಿಯಬಾರದು, ಇಳಿದರೆ ಸುಧಾರಿಸಿಕೊಳ್ಳಲು ಒಂದು ಸೆಮಿಸ್ಟರ್ ಕೊಡುತ್ತಾರಾ? ಅವರು ಕೊಡುವುದು ಫೀಸಿನಷ್ಟಾ, ಇಲ್ಲ ಮೊದಲ ವರ್ಷವೇ ಗೊತ್ತುಮಾಡಿದ ಮೊತ್ತವಾ? ಗೊತ್ತುಮಾಡಿದ ಮೊತ್ತವಾದರೆ, ಫೀಸ್ ಏರಿದಾಗ ಆ ವ್ಯತ್ಯಾಸ ನಿನ್ನ ಜೇಬಿನಿಂದಲೇ ಹೋಗುತ್ತದೆ. ವಿಷಯ ಬದಲಾಯಿಸಿದರೆ ಸ್ಕಾಲರ್‌ಶಿಪ್ ಉಳಿಯುತ್ತದಾ ಅನ್ನುವುದನ್ನೂ ನೋಡು, ಹದಿನೆಂಟು ವರ್ಷಕ್ಕೆ ಜೀವವಿಜ್ಞಾನ ಅಂದವರು ಇಪ್ಪತ್ತಕ್ಕೆ ಸಂಖ್ಯಾಶಾಸ್ತ್ರ ಅನ್ನುವುದು ಹೊಸದಲ್ಲ. ಓದು ಮುಗಿದ ಮೇಲೆ ಇಷ್ಟು ವರ್ಷ ನಮ್ಮಲ್ಲೇ ಕೆಲಸ ಮಾಡಬೇಕು ಅನ್ನುವ ಬಾಂಡ್ ಇದ್ದರೆ ಅದು ಪಿಎಚ್‌ಡಿಗೆ ಅಡ್ಡ ಬರುತ್ತದೆ. ಉತ್ತರ ಇಮೇಲ್‌ನಲ್ಲೇ ಇರಲಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ಕೆಲಸ ಬಾಕಿ ಇದೆ, ಅದನ್ನು ನಾಳೆಯೇ ಮಾಡು. ಆಸೆಯ ಯೂನಿವರ್ಸಿಟಿಯ ಹಣಕಾಸು ನೆರವಿನ ವಿಭಾಗಕ್ಕೆ ಬರೆ. "ನನ್ನ ಮೊದಲ ಆಯ್ಕೆ ನೀವೇ. ಇನ್ನೊಂದು ಕಡೆ ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿದೆ, ಪತ್ರ ಲಗತ್ತಿಸಿದ್ದೇನೆ. ನಮ್ಮ ಮನೆಯಿಂದ ವರ್ಷಕ್ಕೆ ಇಷ್ಟು ಹೊಂದಿಸಬಹುದು, ಉಳಿದ ಇಷ್ಟಕ್ಕೆ ಏನಾದರೂ ದಾರಿ ಇದೆಯಾ?" ಮೊತ್ತ ಬಿಡಿಸಿ ಬರೆ. "ಸಹಾಯ ಮಾಡಿ" ಅಂತ ಬರೆದರೆ ಸಹಾನುಭೂತಿ ಬರುತ್ತದೆ, ದುಡ್ಡು ಬರುವುದಿಲ್ಲ. ಎಲ್ಲ ಕಡೆ ಇದು ನಡೆಯುವುದಿಲ್ಲ, ನಡೆದರೂ ಪೂರ್ತಿ ಕೊಡುವುದು ಅಪರೂಪ. ಆದರೆ ಕೇಳಿದ್ದಕ್ಕೆ ಸೀಟು ಕಿತ್ತುಕೊಂಡದ್ದನ್ನು ನಾನಂತೂ ಕಂಡಿಲ್ಲ. ಅವರ ಉತ್ತರಕ್ಕೆ ಕಾಯುತ್ತಾ ಸ್ಕಾಲರ್‌ಶಿಪ್ ಕೊನೆ ದಿನಾಂಕ ದಾಟಿಸಬೇಡ.

ಕೊರಗು? ಬರುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಜಾಸ್ತಿ ಬರುತ್ತದೆ, ಆ ಜಾಗಕ್ಕೆ ಹೋದ ಗೆಳತಿ ಫೋಟೋ ಹಾಕಿದ ರಾತ್ರಿ ಇನ್ನೂ ಜಾಸ್ತಿ. ಅವಳಿಗೂ ಕಂತಿನ ದಿನ ಬರುತ್ತದೆ, ಅದರ ಫೋಟೋ ಮಾತ್ರ ಯಾರೂ ಹಾಕುವುದಿಲ್ಲ.

ಪ್ರಶ್ನೆ: ನಮ್ಮ ಮಗ ಸ್ಕಾಲರ್‌ಶಿಪ್ ಬಿಟ್ಟು ದುಬಾರಿ ಯೂನಿವರ್ಸಿಟಿಗೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಒತ್ತಾಯ ಮಾಡಿ ಸ್ಕಾಲರ್‌ಶಿಪ್ ಕಡೆ ಕಳಿಸಬಹುದಾ ಮೇಡಂ?
– ಒಬ್ಬ ತಂದೆ

ಉತ್ತರ: ಒತ್ತಾಯ ಬೇಡ ಸರ್. ನೀವು ನಿಜವಾಗಿ ಎಷ್ಟು ಕೊಡಬಲ್ಲಿರಿ ಅನ್ನುವ ಒಂದು ಮೊತ್ತವನ್ನು ಹಾಳೆಯಲ್ಲಿ ಬರೆದು ಅವನ ಕೈಗೆ ಕೊಡಿ. ನಿವೃತ್ತಿಗೆ ಇಟ್ಟದ್ದನ್ನು ಅದರಲ್ಲಿ ಸೇರಿಸಬೇಡಿ. ಉಳಿದದ್ದನ್ನು ಸಾಲವಾಗಿ ಅವನ ಹೆಸರಿನಲ್ಲೇ ತೆಗೆಯುವುದು ಅಂತ ಹೇಳಿ, ತಿಂಗಳ ಕಂತು ಎಷ್ಟು ಬರುತ್ತದೆ ಅಂತ ಅವನೇ ಲೆಕ್ಕ ಹಾಕಲಿ. ಆಮೇಲೂ ಅಲ್ಲಿಗೇ ಹೋಗುತ್ತೇನೆ ಅಂದರೆ ಹೋಗಲಿ ಬಿಡಿ. ಆದರೆ ನೀವು ಜಾಮೀನಿಗೆ ಸಹಿ ಹಾಕುವ ಮುಂಚೆ, ಅವನು ಕಟ್ಟದಿದ್ದರೆ ಬ್ಯಾಂಕಿನವರು ನಿಮ್ಮ ಬಾಗಿಲಿಗೇ ಬರುತ್ತಾರೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಪ್ರಶ್ನೆ: ಮೊದಲ ವರ್ಷ ಸ್ಕಾಲರ್‌ಶಿಪ್ ಕಡೆ ಓದಿ, ಎರಡನೇ ವರ್ಷ ಆಸೆಯ ಯೂನಿವರ್ಸಿಟಿಗೆ ವರ್ಗಾವಣೆ ತೆಗೆದುಕೊಂಡರೆ ಹೇಗೆ?
– ಜಾಣ ಅಂದುಕೊಂಡವನು

ಉತ್ತರ: ಜಾಣನೇ ಇರಬಹುದು, ಆದರೆ ಓದಿದ ಕ್ರೆಡಿಟ್‌ಗಳನ್ನೆಲ್ಲ ಅವರು ಒಪ್ಪಬೇಕಲ್ಲ? ಒಪ್ಪದಿದ್ದರೆ ಅದೇ ವಿಷಯ ಮತ್ತೆ ಓದು, ಮತ್ತೆ ಫೀಸ್ ಕಟ್ಟು. ಬಹಳ ಕಡೆ ದೊಡ್ಡ ಸ್ಕಾಲರ್‌ಶಿಪ್‌ಗಳು ಮೊದಲ ವರ್ಷಕ್ಕೆ ಸೇರುವವರಿಗೆ ಮಾತ್ರ, ನಡುವೆ ಬಂದವರಿಗೆ ಇರುವುದಿಲ್ಲ. ಹಾಗಾಗಿ ಅಲ್ಲಿಗೆ ಹೋಗುವಾಗ ಖಾಲಿ ಕೈಯಲ್ಲೇ ಹೋಗುತ್ತೀಯ. ಆ ಯೂನಿವರ್ಸಿಟಿಯ ವರ್ಗಾವಣೆ ನಿಯಮ ಓದಿ, ಯಾವ ಕ್ರೆಡಿಟ್ ಒಪ್ಪುತ್ತಾರೆ ಅಂತ ಬರವಣಿಗೆಯಲ್ಲಿ ತರಿಸಿಕೊಂಡು ಮತ್ತೆ ಬರೆ.